ಬಫರ್ ಬಿಟ್ಟು ಗೇಟಿನಿಂದ ಅಳೆದೆ

ಪಾರ್ಕು ಎಷ್ಟು ಮನೆಗಳಿಗೆ ಹತ್ತಿರ ಅಂತ ತೋರಿಸಲು, ನಕ್ಷೆಯಲ್ಲಿ ಅದರ ಸುತ್ತ 300 ಮೀಟರ್ ಬಫರ್ (ನೇರ ದೂರದ ಪಟ್ಟಿ) ಎಳೆದು ಹಸಿರು ಬಣ್ಣ ತುಂಬಿದರೆ ಕೆಲಸ ಮುಗೀತು. ನಾನೂ ಐದಾರು ವರ್ಷ ಅದನ್ನೇ ಮಾಡಿದ್ದೆ. ಬೆಂಗಳೂರಿನ ಕಾಟನ್‌ಪೇಟೆ ಕಡೆಯ ಒಂದು ಪುಟ್ಟ ಪಾರ್ಕಿಗೂ ಹಾಗೇ ಮಾಡಿದೆ. ಐದರಲ್ಲಿ ನಾಲ್ಕು ಮನೆ ಬಫರಿನೊಳಗೆ ಬಂದವು. ಪಾರ್ಕಿನ ಹಿಂಬದಿ ಗಲ್ಲಿಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಗೆ ಇದನ್ನು ಹೇಳಿದೆ. "ಅಷ್ಟು ದೂರ ಯಾರಪ್ಪ ಸುತ್ತಿಕೊಂಡು ಹೋಗ್ತಾರೆ" ಅಂದರು. ಅವರು ಒರಗಿ ಕೂತಿದ್ದದ್ದೇ ಪಾರ್ಕಿನ ಗೋಡೆಗೆ. ಗೇಟು ಇದ್ದದ್ದು ಮಾತ್ರ ಆಚೆ ಕಡೆ.

ಜನರೇ ಸೇರಿ ಬರೆಯುವ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನ ರಸ್ತೆ ಹಿಡಿದು ದಾರಿ ಲೆಕ್ಕ ಹಾಕಿದೆ. ಅರ್ಧಕ್ಕರ್ಧ ಗಲ್ಲಿಗಳೇ ಅದರಲ್ಲಿಲ್ಲ. ಇದ್ದ ಒಂದು ಸಂದಿಗೆ ಗೋಡೌನಿನವರು ಶಟರ್ ಹಾಕಿಬಿಟ್ಟಿದ್ದಾರೆ. ಹದಿನೈದು ದಿನ ದಂಡ. ಆಮೇಲೆ ಹುಡುಗರ ಕೈಗೆ ಜಿಪಿಎಸ್ ಕೊಟ್ಟು ಕಳಿಸಿದೆ. ಒತ್ತೊತ್ತಾದ ಕಟ್ಟಡಗಳ ನಡುವೆ ಸಿಗ್ನಲ್ ತಪ್ಪಿ, ನಕ್ಷೆಯಲ್ಲಿ ನಡೆದ ದಾರಿಯ ಗೆರೆಯೆಲ್ಲ ಮಾಳಿಗೆ ಮೇಲೆ ಹತ್ತಿ ಕೂತಿತು. ಒಂಬತ್ತು ಸಾವಿರ ಹೋಯ್ತು.

ಕೊನೆಗೆ ಅಳತೆ ಗಾಲಿ ತಂದು ಗೇಟಿನಿಂದ ಹೊರಕ್ಕೆ ತಳ್ಳಿಕೊಂಡು ಹೊರಟೆ. 300 ಬಂದ ಕಡೆ ಸೀಮೆಸುಣ್ಣದ ಗುರುತು. ಮೂಟೆಗಾಡಿಗಳು ಬರುವ ಮುಂಚೆ, ಹನ್ನೊಂದು ದಿನ ಬೆಳಗ್ಗೆ. "ಗಾಲಿ ಸರ್ವೆ" ಅಂತ ಜೊತೆಯವರೇ ನಕ್ಕರು. ಕೊನೆಗೆ ಗುರುತಿನೊಳಗೆ ಉಳಿದದ್ದು ಮೂರರಲ್ಲಿ ಒಂದೇ ಮನೆ! ಆಮೇಲೆ ಯಾರೂ ನಗಲಿಲ್ಲ.

ತಲೆಗೆ 10-12 ಚದರ ಮೀಟರ್ ಬಯಲು ಜಾಗ ಅನ್ನುವ ಕೇಂದ್ರದ ಮಾರ್ಗಸೂಚಿ ಪೇಟೆಗೆ ಹೊಂದಲ್ಲ, ಬೀದಿ ಬೀದಿಯೇ ಕೆಡವಬೇಕಾಗುತ್ತೆ. ಲಾಲ್‌ಬಾಗಿನ 240 ಎಕರೆಯನ್ನು ಊರಿನ ಲೆಕ್ಕಕ್ಕೆ ಸೇರಿಸಬಹುದು. ಅದರಿಂದ ಅಜ್ಜಿಗೇನು? ನಗರದ ಮರಗಳ ತಜ್ಞ ಸಿಸಿಲ್ ಕೊನೈನೆಂಡೈಕ್ 2021ರಲ್ಲಿ ಹೇಳಿದ 3-30-300ರಲ್ಲಿ (ಮನೆಯಿಂದ 3 ಮರ ಕಾಣಬೇಕು, ಬಡಾವಣೆಯಲ್ಲಿ ಶೇ 30 ಮರದ ನೆರಳು, 300 ಮೀಟರ್ ಒಳಗೆ ಪಾರ್ಕು) ನನಗೆ ಉಪಯೋಗಕ್ಕೆ ಬಂದದ್ದು ಕೊನೆಯ 300 ಒಂದೇ. ಮೂರು ಮರದ ಮಾತನ್ನೂ ನೋಡಲು ಹೋದೆ. ಕಿಟಕಿಯಿಂದ ಕಂಡದ್ದು ಎದುರುಮನೆಯ ಕಿಟಕಿ.

ಈ ಮಧ್ಯೆ ಯಾರೂ ಕೇಳದಿದ್ದರೂ ಬಿಸಿ ಅಳೆಯುವ ಗನ್ ಹಿಡಿದು ಓಡಾಡಿದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನ ಸಿಮೆಂಟ್ ಕಲ್ಲು 50 ದಾಟಿತ್ತು, ಹೊಂಗೆ ಮರದಡಿಯದ್ದು 34ರ ಆಸುಪಾಸು. ಆ ಕೆಲಸ ಹಾಗೇ ನಿಂತಿದೆ.

ಗೇಟಿಗೆ ಬೀಗ ಬೀಳುವ ಹೊತ್ತನ್ನೂ ನಕ್ಷೆಗೆ ಸೇರಿಸಿದೆ. ಬೋರ್ಡಿನಲ್ಲಿರೋದು ಬೇರೆ, ನಿಜ ಬೇರೆ. ನಿಜ ಹೇಗೆ ತಿಳಿಯಿತು ಅಂತ ಮಾತ್ರ ಹೇಳಲ್ಲ.

ಹಿಂಬದಿ ಗೋಡೆ ಒಡೆದು ಗೇಟು ಇಟ್ಟರು. ಅಜ್ಜಿಗೆ ಸುಮಾರು 640 ಮೀಟರ್ ಇದ್ದದ್ದು 40ಕ್ಕೆ ಇಳಿಯಿತು. ಗೇಟಿಗೆ ವೆಲ್ಡಿಂಗ್ ಸೇರಿ 35 ಸಾವಿರ ಆಗಿರಬೇಕು. ನನ್ನ ಕೈಯಿಂದ ಹೋದದ್ದು 22 ಸಾವಿರ, ವಾಪಸ್ ಬಂದದ್ದು 15. ಉಳಿದದ್ದಕ್ಕೆ ಇನ್ನೂ ಅಲೆಯುತ್ತಿದ್ದೇನೆ.