ಬೆಂಕಿ ಕಾಣದ ಮೆಟ್ಟುಗತ್ತಿ

ಪವರ್ ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯೋ ಯಂತ್ರದ ಗರಗಸ, ಅದರ ಬ್ಲೇಡನ್ನ ಕುಲುಮೆಗೆ ಹಾಕದೆ ಬರೀ ಉಜ್ಜಿ, ಅಡಿಕೆ ಸುಲಿಯೋಕೆ ಮಣೆಗೆ ಕೂರಿಸೋ ಮೆಟ್ಟುಗತ್ತಿ ಮಾಡ್ತೀನಿ ಅಂದಾಗ ಕೊಪ್ಪದ ಕಡೆ ಕುಲುಮೆ ಇಟ್ಟವರೆಲ್ಲ ನಕ್ಕಿದ್ದೇ ನಕ್ಕಿದ್ದು. ನಮ್ಮ ದೊಡ್ಡಪ್ಪನಂತೂ "ಬೆಂಕಿ ಕಾಣದ ಕಬ್ಬಿಣ ಕತ್ತಿ ಆಗತ್ತೇನೋ ಮಾರಾಯ?" ಅಂದಿದ್ದರು. ಈ ವರ್ಷದ ಅಡಿಕೆ ಸುಲಿದು ಮುಗೀತು, ಆ ಕತ್ತಿಗಳು ಇನ್ನೂ ಮಣೆ ಮೇಲೇ ಇವೆ. ಅದಕ್ಕೇ ಬರೀತಿದ್ದೀನಿ.

ಹೋಲಿಸಿ ನೋಡಿದ್ದು ಲಾರಿ ಸ್ಪ್ರಿಂಗ್ ಪ್ಲೇಟು, ಹಳೇ ಅರ, ಅಂಗಡಿ ಸ್ಟೇನ್‌ಲೆಸ್ ಪಟ್ಟಿ, ಆಮೇಲೆ ಈ ಹ್ಯಾಕ್ಸಾ. ಸುಲಿಯೋ ಅಕ್ಕ ಒಬ್ಬರೇ, ಅಡಿಕೆ ಒಂದೇ ತೋಟದ್ದು. ಮೊದಲು ಒಂದೊಂದು ಕತ್ತಿಗೆ ಒಂದೊಂದು ಓರೆ, ಅಂದರೆ ಬಾಯಿಯ ಇಳಿಜಾರು, ಇತ್ತು. ಹಾಗಾಗಿ ಯಾವುದನ್ನು ತೆಳ್ಳಗೆ ಮಸೆದಿದ್ದೆನೋ ಅದೇ ಗೆಲ್ತಿತ್ತು, ಉಕ್ಕಿನ ಗುಣ ತಿಳೀತಾನೇ ಇರಲಿಲ್ಲ. ಗ್ರೈಂಡರ್ ಮುಂದೆ ಕತ್ತಿ ಆನಿಸೋಕೆ ಮರದ ಆಪು ಕೂರಿಸಿ ಎಲ್ಲಕ್ಕೂ ಒಂದೇ ಓರೆ ಹಿಡಿದ ಮೇಲೆ ಲೆಕ್ಕ ಸರಿಹೋಯ್ತು.

ಸ್ಪ್ರಿಂಗ್ ಪ್ಲೇಟು ಸುಮಾರು ಒಂದೂವರೆ ಡಬ್ಬ ಹಸಿ ಅಡಿಕೆಗೆ ಮೊಂಡಾಗ್ತಿತ್ತು. ಸ್ಟೇನ್‌ಲೆಸ್ ಕಪ್ಪಾಗಲ್ಲ ಅನ್ನೋದೊಂದೇ ಸುಖ, ಒಂದು ಡಬ್ಬಕ್ಕೇ ಕೈ ಎತ್ತಿತು. ಅರದ ಕತ್ತಿ ಹತ್ತಿರ ಹತ್ತಿರ ಮೂರು ಡಬ್ಬ ಬಂತು. ಆದರೆ ರಾತ್ರಿ ಒರೆಸದೆ ಬಿಟ್ಟರೆ ಬೆಳಿಗ್ಗೆ ಬಾಯಿಯುದ್ದಕ್ಕೂ ಚೊಗರು, ಅಂದರೆ ಅಡಿಕೆಯ ಒಗರು ರಸ, ತಿಂದು ಕಪ್ಪು ಚುಕ್ಕೆ, ಬೆರಳಾಡಿಸಿದರೆ ತರಿತರಿ. ಹ್ಯಾಕ್ಸಾ ಬೆಳಗಿಂದ ಸಂಜೆವರೆಗೆ ಐದು ಡಬ್ಬ ದಾಟಿತು. ಕೂಲಿ ಡಬ್ಬದ ಲೆಕ್ಕ ನೋಡಿ, ಮಸೆಯೋಕೆ ಎದ್ದಷ್ಟೂ ಸುಲಿಯೋರಿಗೇ ನಷ್ಟ. ಆ ಅಕ್ಕ ಮಾರನೇ ದಿನ ಬೇರೆ ಕತ್ತಿ ಮುಟ್ಟಲೇ ಇಲ್ಲ.

ಖರ್ಚು ಕೇಳಬೇಡಿ. ಗುಜರಿಯಿಂದ ಒಂದು ಕಟ್ಟು ಹಳೇ ಬ್ಲೇಡ್ ತಂದೆ, ಮೂರು ಸಾವಿರದ ಆಸುಪಾಸು. ಅದರಲ್ಲಿ ಅರ್ಧ ಬೈಮೆಟಲ್! ಹಲ್ಲಿನ ಅಂಚು ಮಾತ್ರ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಅನ್ನೋ ಗಡಸು ಉಕ್ಕು), ಮೈಯೆಲ್ಲ ಬರೀ ಸ್ಪ್ರಿಂಗ್ ಉಕ್ಕು. ಹಲ್ಲು ಉಜ್ಜಿ ತೆಗೆದರೆ ಉಳಿಯೋದು ಏನು? ಈಗ ಕೊಳ್ಳೋ ಮೊದಲೇ ಬೆನ್ನಿನ ಕಡೆ ಚಕ್ರಕ್ಕೆ ಮುಟ್ಟಿಸಿ ನೋಡ್ತೀನಿ. ಸುರುಸುರು ಬತ್ತಿ ಹಾಗೆ ಬೆಳ್ಳಗೆ ಸಿಡಿದು ಕವಲೊಡೆದರೆ ಬೇಡ. ಮಂದ ಕೆಂಪಿನ ಕಿಡಿ, ಕಡಿದು ಕಡಿದು, ಕವಲೇ ಇಲ್ಲದೆ ಬಂದರೆ ಪೂರ್ತಿ ಎಚ್‌ಎಸ್‌ಎಸ್, ತಗೊಳ್ಳಿ. 18 ಇಂಚಿನ, 2 ಮಿ.ಮೀ. ದಪ್ಪದ್ದು ಒಳ್ಳೇದು.

ಮುರಿಯೋದೇ ದೊಡ್ಡ ತಲೆನೋವಾಗಿತ್ತು. ಅಡಿಕೆ ಚುಚ್ಚಿ ಸಿಪ್ಪೆ ಬಿಡಿಸುವಾಗ ಪಕ್ಕಕ್ಕೆ ಮೀಟ್ತಾರಲ್ಲ, ಅಲ್ಲಿ ಪಟಕ್ಕನೆ ತುಂಡು. ದೊಡ್ಡಪ್ಪ ಆ ತುಂಡುಗಳನ್ನ ಕುಲುಮೆ ಕಟ್ಟೆ ಮೇಲೆ ಬಂದೋರಿಗೆ ಕಾಣೋ ಹಾಗೆ ಜೋಡಿಸಿಟ್ಟಿದ್ದರು. ಕಡೆಗೆ ಮಣೆಯಿಂದ ಮೇಲಿರೋ ಭಾಗ ಗಿಡ್ಡ ಮಾಡಿದೆ, ಓರೆ ಸ್ವಲ್ಪ ದಪ್ಪ ಬಿಟ್ಟೆ, ಬೆನ್ನಿಗೆ ಮೆತು ಕಬ್ಬಿಣದ ಪಟ್ಟಿ ಕೊಟ್ಟೆ. ಪಟ್ಟಿಗೂ ಬ್ಲೇಡಿಗೂ ನಡುವೆ ಏನಿಡ್ತೀನಿ ಅನ್ನೋದು ನನ್ನಲ್ಲೇ ಇರಲಿ. ಡ್ರಿಲ್ ಹಾಕೋಕೆ ಹೋಗಬೇಡಿ, ಬಿಟ್ ಸುಟ್ಟುಹೋಗತ್ತೆ. ಬ್ಲೇಡಿನ ತುದಿಯಲ್ಲಿ ಕಂಪನಿಯವರೇ ತೂತು ಬಿಟ್ಟಿರ್ತಾರೆ, ಬೋಲ್ಟಿಗೆ ಅದೇ ಸಾಕು.

ನಡುವೆ ಇನ್ನೊಂದು ಹುಚ್ಚು. ಅಡುಗೆಮನೆ ತಕ್ಕಡಿ ಮೇಲೆ ತೆಂಗಿನ ನಾರಿನ ಹಗ್ಗ ಇಟ್ಟು, ಎಷ್ಟು ತೂಕ ಒತ್ತಿದರೆ ತುಂಡಾಗತ್ತೆ ಅಂತ ಸಾಲಾಗಿ ಕುಯ್ದು ನೋಡಿದೆ. ಒಣ ಹಗ್ಗದಲ್ಲಿ ಅರ ಹ್ಯಾಕ್ಸಾಗೆ ಹೆಚ್ಚುಕಮ್ಮಿ ಸಮ ನಿಂತಿತು! ಹಸಿ ಅಡಿಕೆಯಲ್ಲಿ ಅರ್ಧದ ಆಸುಪಾಸಿಗೆ ಇಳೀತು ಅಂದರೆ, ಬಾಯಿ ಸವೆಸೋದರಲ್ಲಿ ಚೊಗರಿಗೂ ಪಾಲಿದೆ ಅಂತ ನನ್ನ ಅಂದಾಜು. ತಕ್ಕಡಿ ಹಾಳಾಯ್ತು, ಮನೆಯಲ್ಲಿ ಬೈಸಿಕೊಂಡೆ.

ಎಚ್‌ಎಸ್‌ಎಸ್‌ನಲ್ಲಿ ಒಂದು ಅನುಕೂಲ ಇದೆ. ಗ್ರೈಂಡರಿನ ಬಿಸಿಗೆ ಅರದ ಹದ ಇಳಿದ ಹಾಗೆ ಇದರದ್ದು ಇಳಿಯಲ್ಲ, 500 ಡಿಗ್ರಿಯಲ್ಲೂ ಗಡಸು ಬಿಡದ ಉಕ್ಕು ಅದು. ತೊಂದರೆ ಅಂದರೆ ನಮ್ಮ ಮಸೆಗಲ್ಲು ಅದಕ್ಕೆ ಹಿಡಿಯೋದೇ ಇಲ್ಲ. ಡೈಮಂಡ್ ಕಲ್ಲು ಬೇಕು, ನನ್ನದಕ್ಕೆ ಆರುನೂರು ಬಿತ್ತು. ಒಂದು ಕತ್ತಿಗೆ ಚಕ್ರ, ಕರೆಂಟು ಎಲ್ಲ ಸೇರಿ ಇನ್ನೂರರ ಮೇಲೆ ಖರ್ಚು, ನಾನೂರೈವತ್ತಕ್ಕೆ ಕೊಡ್ತೀನಿ. ಮುಂದಿನ ಕೊಯ್ಲಿಗೆ ಬಾಳೆಹೊನ್ನೂರು ಕಡೆಯಿಂದ ಈಗಲೇ ಮುಂಗಡ ಬಂದಿದೆ. ದೊಡ್ಡಪ್ಪನೂ ಒಂದು ಒಯ್ದರು, ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ.