ಸಿಂಹಗಡದ ಕಾಲು, ಲಡಾಖ್‌ನ ಉಸಿರು

ನಮ್ಮೂರು ಧಾರವಾಡ. ಪುಣೆಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಚಾಕಣ್‌ನ ಕಾರ್ಖಾನೆಯೊಂದರಲ್ಲಿ ಏರ್ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ. ಭಾನುವಾರ ಬೆಳಿಗ್ಗೆ ಮಾತ್ರ ಪುಣೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡ ತಪ್ಪಿಸುವುದಿಲ್ಲ. ಕತ್ತಲಿರುವಾಗಲೇ ಬುಡದ ಅತ್ಕರವಾಡಿಯಿಂದ ಹೊರಟರೆ ಐವತ್ತು ನಿಮಿಷಕ್ಕೆ ಕೋಟೆಯ ಪುಣೆ ದರವಾಜಾ. ಮೇಲೆ ಬಿಸಿ ಭಾಕರಿ, ಪಿಠಲ (ನಮ್ಮ ಝುಣಕದ ನೀರಾದ ತಮ್ಮ ಅನ್ನಿ), ಮಣ್ಣಿನ ಕುಡಿಕೆಯ ಮೊಸರು. ಇಷ್ಟು ಮಾಡುವವನಿಗೆ ಲಡಾಖ್ ಯಾವ ಲೆಕ್ಕ ಅಂದುಕೊಂಡು 2016ರ ಜೂನ್‌ನಲ್ಲಿ ಹೊರಟೆ.

ಹೊರಡುವ ಮುಂಚೆ ಒಂದು ಮಾತು ಕೇಳಿಸಿಕೊಂಡಿದ್ದೆ. ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ನಿವೃತ್ತ ಸುಬೇದಾರ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಲಿಫ್ಟ್‌ನಲ್ಲಿ ಸಿಕ್ಕಾಗ ಹೇಳಿದರು: "ತಮ್ಮಾ, ಅಲ್ಲಿ ಮೊದಲ ಎರಡು ದಿನ ಸುಮ್ನ ಮಲ್ಕೊಂಡಿರಬೇಕು. ಶೂರತನ ತೋರಿಸಾಕ ಹೋಗಬ್ಯಾಡ." ನಾನು ನಕ್ಕು "ಹೂಂ ಕಾಕಾ" ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ದೆಹಲಿಯಿಂದ ಬೆಳಗಿನ ವಿಮಾನ, ಒಂದೂಕಾಲು ಗಂಟೆಯಲ್ಲಿ ಲೇಹ್. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3,500ರಲ್ಲಿ. ಇಳಿದಾಗ ಏನೂ ಆಗಲಿಲ್ಲ. ಮೋಸ ಇರುವುದೇ ಇಲ್ಲಿ. ತೊಂದರೆ ಸಾಮಾನ್ಯವಾಗಿ ಆರೆಂಟು ಗಂಟೆ ಬಿಟ್ಟು, ಇಲ್ಲವೇ ಮಾರನೇ ದಿನ ಶುರುವಾಗುತ್ತದೆ. ಅವತ್ತೇ ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಬಿರಬಿರನೆ ಹತ್ತಿದೆ. ರಾತ್ರಿ ತಲೆ ಸಿಡಿಯತೊಡಗಿತು. ಪ್ರಯಾಣದ ಸುಸ್ತು ಇರಬೇಕು ಅಂತ ಒಂದು ಮಾತ್ರೆ ನುಂಗಿ ಮಲಗಿದೆ. ಬೆಳಿಗ್ಗೆ ಟೂರ್‌ನವನು "ಎಲ್ಲರೂ ಎರಡನೇ ದಿನವೇ ಖಾರ್ದುಂಗ್ ಲಾಗೆ ಹೋಗ್ತಾರೆ ಸರ್" ಅಂದ. ಹೋದೆ.

ಅದು 5,359 ಮೀಟರ್ ಎತ್ತರದ ಬೆಟ್ಟದ ದಾರಿ ('ಲಾ' ಅಂದರೆ ಬೆಟ್ಟ ದಾಟುವ ದಾರಿ). ಮೇಲೆ ಕಾರಿನಿಂದ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿ ಆಗಿತ್ತು. ಅಲ್ಲಿದ್ದ ಸೈನಿಕನೊಬ್ಬ ನನ್ನ ಮುಖ ನೋಡಿ ಹತ್ತಿರ ಕರೆದ. ಸಿಮೆಂಟ್ ಕಟ್ಟೆಯ ಅಂಚಿನ ಗುಂಟ ನಡಿ ಅಂದ. ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವ ಹಾಗೆ. ಮೊದಲ ಹೆಜ್ಜೆ ಸರಿಹೋಯಿತು, ಎರಡನೆಯದೂ. ಮೂರನೆಯದಕ್ಕೆ ನೆಲ ದೋಣಿಯ ಹಾಗೆ ವಾಲಿತು, ಕಟ್ಟೆಯಿಂದ ಕೆಳಗೆ ಜಾರಿದೆ. ಆತ ನನ್ನ ಜೊತೆ ಮಾತೇ ಆಡಲಿಲ್ಲ. ನೇರ ಡ್ರೈವರ್‌ಗೆ ಹಿಂದಿಯಲ್ಲಿ ಹೇಳಿದ: ಇಳಿಸು, ಈಗಲೇ.

ಆ ತೂರಾಟ ಎಷ್ಟು ಕೆಟ್ಟ ಸೂಚನೆ ಅಂತ ತಿಳಿದದ್ದು ಆಮೇಲೆ. ಬರೀ ತಲೆನೋವು, ವಾಕರಿಕೆ, ಊಟ ಬೇಡ ಅನ್ನಿಸುವುದು ಇದ್ದರೆ ಅದು ಎತ್ತರದ ಸಾಮಾನ್ಯ ಕಾಯಿಲೆ. ಹೆಜ್ಜೆ ತಪ್ಪತೊಡಗಿದರೆ ಮಿದುಳು ಊದಿಕೊಳ್ಳುತ್ತಿದೆ ಅಂತಲೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ ಅಂತ ಅನುಮಾನ ಪಡಬೇಕು. ಎರಡರಲ್ಲೂ ಜೀವ ಹೋಗಬಹುದು. ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಯುವುದು. ಆಮ್ಲಜನಕ, ಮಾತ್ರೆ, ಇಂಜೆಕ್ಷನ್ ಎಲ್ಲ ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಲೇಹ್‌ನಲ್ಲಿ ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕ ನೋಡಿದರು: 68 ಪರ್ಸೆಂಟ್. ರಾತ್ರಿಯಿಡೀ ಮೂಗಿಗೆ ನಳಿಕೆ, ಕೈಗೆ ಸೂಜಿ. ಮಾರನೇ ದಿನ ವಿಮಾನ ಹತ್ತಿ ವಾಪಸ್.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ನಾಚಿಕೆ. ಕಂಪ್ರೆಸರ್ ಕೆಲಸದವನಿಗೇ ಇದು ಹೊಳೆಯಲಿಲ್ಲವಲ್ಲ ಅಂತ. ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಪುಣೆಯಲ್ಲೂ 21 ಪರ್ಸೆಂಟ್, ಖಾರ್ದುಂಗ್ ಲಾದಲ್ಲೂ ಅಷ್ಟೇ. ಇಳಿಯುವುದು ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗ, ಖಾರ್ದುಂಗ್ ಲಾದಲ್ಲಿ ಹತ್ತಿರ ಹತ್ತಿರ ಅರ್ಧ. ಕಂಪ್ರೆಸರನ್ನು ಎತ್ತರದ ಜಾಗದಲ್ಲಿ ಕೂರಿಸಿದರೆ ಒಳಗೆ ಎಳೆಯುವ ಗಾಳಿಯೇ ತೆಳು. ಅದು ಅಷ್ಟೇ ಸುತ್ತು ತಿರುಗಿದರೂ ಹೊರಗೆ ಬರುವುದು ಕಡಿಮೆ. ನನ್ನ ಎದೆಯೂ ಅದೇ ಮಷೀನು. ಸಿಂಹಗಡದಿಂದ ಕಾಲು ಗಟ್ಟಿಯಾಗಿತ್ತು, ಹೃದಯ ಗಟ್ಟಿಯಾಗಿತ್ತು, ನಿಜ. ಆದರೆ ಗಡದ ತುದಿ ಇರುವುದೇ ಸುಮಾರು 1,300 ಮೀಟರ್. ಅಲ್ಲಿ ದೇಹಕ್ಕೆ ತೆಳು ಗಾಳಿಯ ಪಾಠ ಸಿಗುವುದಿಲ್ಲ. ಅಷ್ಟೇ ಅಲ್ಲ, ಗಟ್ಟಿ ಆಳು ಬೇಗ ಬೇಗ ಹತ್ತಿ ಬೇಗ ಕೆಡುತ್ತಾನೆ. ನನ್ನ ಕಥೆ ಅದೇ.

ಆ ಮೇಲೆ ಹುಚ್ಚು ಹಿಡಿದವನ ಹಾಗೆ ಓದಿದೆ. ತೆಳು ಗಾಳಿ ಸಿಕ್ಕ ಕೂಡಲೇ ದೇಹ ಮಾಡುವ ಮೊದಲ ಕೆಲಸ ಜಾಸ್ತಿ ಉಸಿರಾಡುವುದು. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಮಿದುಳು ಉಸಿರಿಗೆ ಬ್ರೇಕ್ ಹಾಕುತ್ತದೆ. ಬೇಕಾದದ್ದು ಉಸಿರು, ಬೀಳುವುದು ಬ್ರೇಕ್! ಈ ಜಗಳ ಬಿಡಿಸುವುದು ಮೂತ್ರಪಿಂಡ. ಅದು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತರುತ್ತದೆ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಕಾಕಾ ಹೇಳಿದ ಎರಡು ದಿನದ ಮಲಗುವಿಕೆಯ ಗುಟ್ಟು ಇದೇ ಅಲ್ವಾ? ಕೆಂಪು ರಕ್ತಕಣ ಹೆಚ್ಚುವುದು ಇನ್ನೂ ನಿಧಾನ, ಅದು ವಾರಗಳ ಲೆಕ್ಕ. ಜೀವಕೋಶಗಳು ಆಮ್ಲಜನಕದ ಕೊರತೆಯನ್ನು ಹೇಗೆ ಪತ್ತೆಹಚ್ಚುತ್ತವೆ ಅನ್ನುವುದನ್ನು ಬಿಡಿಸಿಟ್ಟ ಮೂವರಿಗೆ, ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ, 2019ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಕಾಕಾನ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಚಹಾ ಮಾಡಿಸಿ ಸೈನ್ಯದ ಲೆಕ್ಕ ಹೇಳಿದರು. 9,000ದಿಂದ 12,000 ಅಡಿಯ ನಡುವೆ ಆರು ದಿನ ತಂಗಬೇಕು. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಸಪಾಟು ಜಾಗದಲ್ಲಿ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. ಅದರಾಚೆ ಪ್ರತಿ ಹಂತಕ್ಕೂ ನಾಲ್ಕು ದಿನ. ಈ ಶಿಸ್ತಿನ ಹಿಂದೆ ದುಬಾರಿ ಪಾಠ ಇದೆ. 1962ರ ಯುದ್ಧದ ಹೊತ್ತಿಗೆ ಬಯಲಿನ ಸೈನಿಕರನ್ನು ಏಕಾಏಕಿ ಎತ್ತರಕ್ಕೆ ಸಾಗಿಸಬೇಕಾಯಿತು, ಬಹಳ ಮಂದಿ ಕಾಯಿಲೆ ಬಿದ್ದರು. ಸೈನ್ಯದ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ವಿವರ ಸೇರಿಸಿ 1969ರಲ್ಲಿ ಪ್ರಕಟಿಸಿದ ಲೇಖನವನ್ನು ಎತ್ತರದ ಕಾಯಿಲೆ ಬಗ್ಗೆ ಬರೆಯುವವರು ಇವತ್ತಿಗೂ ನೆನೆಯುತ್ತಾರೆ.

2023ರ ಜೂನ್‌ನಲ್ಲಿ ಮತ್ತೆ ಹೊರಟೆ. ಈ ಸಲ ಆರು ಜನ. ನಾನು, ಹೆಂಡತಿ, ಹುಬ್ಬಳ್ಳಿಯ ಗೆಳೆಯ ದಂಪತಿ, ಆಫೀಸಿನ ಒಬ್ಬ, ಅವನ ಅಕ್ಕ. ತಯಾರಿ ನಾಲ್ಕು ತಿಂಗಳು ಮುಂಚೆಯೇ ಶುರು. ಎಲ್ಲರಿಗೂ ರಕ್ತಪರೀಕ್ಷೆ. ಅಕ್ಕನಿಗೆ ಹಿಮೋಗ್ಲೋಬಿನ್ 9.8 ಬಂತು. ಆಮ್ಲಜನಕ ಹೊರುವ ಗಾಡಿಯೇ ಕಡಿಮೆ ಇದ್ದರೆ ಮೇಲೆ ಹೋಗಿ ಏನು ಮಾಡುವುದು? ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು, ಮೂರು ತಿಂಗಳಲ್ಲಿ 12 ದಾಟಿತು. ನನ್ನ ಹಳೇ ಕಥೆ ಕೇಳಿದ ಡಾಕ್ಟರು ಡಯಾಮಾಕ್ಸ್ ಬರೆದರು. 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಮೂತ್ರಪಿಂಡ ದಿನಗಟ್ಟಲೆ ಮಾಡುವ ಕೆಲಸವನ್ನು ಈ ಮಾತ್ರೆ ಬೇಗ ಮಾಡಿಸುತ್ತದೆ. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಓಡಬೇಕು, ಸೋಡಾ ಕುಡಿದರೆ ಗ್ಯಾಸೇ ಇಲ್ಲದ ಹಾಗೆ ಸಪ್ಪೆ. ಸಲ್ಫಾ ಔಷಧ ಆಗದವರು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಗೆಳೆಯ ಹೇಳಿದ ಅಂತ ಅಂಗಡಿಯಲ್ಲಿ ಕೊಂಡು ನುಂಗುವ ಮಾತ್ರೆ ಇದಲ್ಲ.

ನಾನು ದುಡ್ಡು ಹಾಳು ಮಾಡಿದ್ದೂ ಇದೆ. ಬಾಯಿಗೆ ಕಟ್ಟಿಕೊಂಡು ಓಡುವ ಟ್ರೇನಿಂಗ್ ಮಾಸ್ಕ್ ತರಿಸಿದ್ದೆ. ಅದು ಉಸಿರು ಎಳೆಯುವುದನ್ನು ಕಷ್ಟ ಮಾಡುತ್ತದೆ ಅಷ್ಟೇ, ಗಾಳಿಯ ಒತ್ತಡ ಇಳಿಸುವುದಿಲ್ಲ. ಕೈಯಲ್ಲಿ ಹಿಡಿಯುವ ಪುಟಾಣಿ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ಕರ್ಪೂರ ಮೂಸುವುದರಿಂದ ಮೂಗು ಬಿಚ್ಚಿದ ಹಾಗೆ ಅನ್ನಿಸುತ್ತದೆ, ರಕ್ತದ ಆಮ್ಲಜನಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಜವಾಗಿ ಕಾಪಾಡಿದ್ದು ದಾರಿ. ಲೇಹ್‌ಗೆ ಹಾರಲಿಲ್ಲ, ಶ್ರೀನಗರಕ್ಕೆ ಹೋದೆವು. ಅದು 1,600 ಮೀಟರ್. ಮಾರನೇ ರಾತ್ರಿ ಸೋನಮರ್ಗ್, ಸುಮಾರು 2,750. ಆಮೇಲೆ ಜೋಜಿ ಲಾ ದಾಟಿ ಕಾರ್ಗಿಲ್, 2,700. ಅಲ್ಲಿ ಎರಡು ರಾತ್ರಿ. ಫೋತು ಲಾ 4,100 ದಾಟಿದರೂ ಮಲಗಿದ್ದು ಆಲ್ಚಿಯಲ್ಲಿ, 3,100. ಆಮೇಲೆ ಲೇಹ್‌ನಲ್ಲಿ ಮೂರು ರಾತ್ರಿ. ಹಗಲು ಎಷ್ಟು ಎತ್ತರ ಮುಟ್ಟಿ ಬಂದೆವು ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೇವೆ ಅನ್ನುವುದು ದೊಡ್ಡದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು.

ಜಗಳ ಆದದ್ದೂ ಇದಕ್ಕೇ. ನುಬ್ರಾ ಕಣಿವೆಯಲ್ಲಿ ತಂಗಿ ಮಾರನೇ ದಿನವೇ ಪಾಂಗಾಂಗ್ ಕೆರೆಯ ದಂಡೆಯ ಟೆಂಟ್‌ನಲ್ಲಿ ಮಲಗಬೇಕು, ನಕ್ಷತ್ರ ನೋಡಬೇಕು ಅಂತ ಗೆಳೆಯನ ಹಟ. ನುಬ್ರಾ 3,100, ಪಾಂಗಾಂಗ್ 4,200ಕ್ಕೂ ಮೇಲೆ. ಒಂದೇ ರಾತ್ರಿಗೆ 1,100 ಮೀಟರ್ ಜಿಗಿತ. ನಾನು ಒಪ್ಪಲಿಲ್ಲ. "ನಿನ್ನ ಹೆದರಿಕೆಗೆ ನಮ್ಮ ರಜಾ ಹಾಳು" ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ಲೇಹ್‌ನಿಂದ ಬೆಳಗಿನ ಜಾವ ಹೊರಟು, ಕೆರೆ ನೋಡಿ, ರಾತ್ರಿ ಲೇಹ್‌ಗೇ ಬಂದು ಮಲಗಿದೆವು. ಸೊಂಟ ಬಿದ್ದುಹೋಯಿತು, ಅದು ಬೇರೆ ಮಾತು.

ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಹಾಜರಿ. ಐದು ನಿಮಿಷ ಸುಮ್ನೆ ಕೂತು, ಕೈಯನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಕ್ಲಿಪ್ ಹಾಕಬೇಕು. ತಣ್ಣಗಿನ ಬೆರಳು, ನೇಲ್ ಪಾಲಿಶ್ ಎರಡೂ ಸುಳ್ಳು ಹೇಳಿಸುತ್ತವೆ. ಲೇಹ್‌ನಲ್ಲಿ 86ರಿಂದ 91ರ ನಡುವೆ ಬಂತು, ಅಲ್ಲಿಗೆ ಅದು ಸಹಜ. ಆದರೆ ನಂಬರಿಗಿಂತ ನಾನು ಕೇಳುತ್ತಿದ್ದುದು ಮೂರು ಪ್ರಶ್ನೆ: ತಲೆನೋವು ಇದೆಯಾ, ಊಟ ಸೇರಿತಾ, ನಿದ್ದೆ ಬಂತಾ. ಉಪ್ಪಿಟ್ಟು ಮುಂದಿಟ್ಟರೂ ಬೇಡ ಅಂದವರ ಮೇಲೆ ಕಣ್ಣು. ನೀರಿನ ವಿಷಯದಲ್ಲೂ ಅತಿ ಮಾಡಲಿಲ್ಲ. ಮೂತ್ರ ತಿಳಿಯಾಗಿರುವಷ್ಟು ಕುಡಿದರೆ ಸಾಕು. ಐದಾರು ಲೀಟರ್ ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗಿ ಬೇರೆಯದೇ ತಲೆನೋವು. ಬಿಯರ್, ನಿದ್ದೆ ಮಾತ್ರೆ ಎರಡೂ ಬಂದ್, ಎರಡೂ ರಾತ್ರಿಯ ಉಸಿರನ್ನು ತಗ್ಗಿಸುತ್ತವೆ.

ಲೇಹ್‌ನ ಮೊದಲ ರಾತ್ರಿ ಎಚ್ಚರವಾಗಿ ಪಕ್ಕಕ್ಕೆ ನೋಡಿದರೆ ಹೆಂಡತಿಯ ಎದೆ ಏರಿಳಿಯುತ್ತಿಲ್ಲ. ಎಣಿಸತೊಡಗಿದೆ. ಹನ್ನೆರಡು ಸೆಕೆಂಡ್. ಕೈ ಚಾಚುವಷ್ಟರಲ್ಲಿ ದೊಡ್ಡ ಉಸಿರು ಎಳೆದಳು, ಆಮೇಲೆ ನಾಲ್ಕೈದು ಗಬಗಬ ಉಸಿರು, ಮತ್ತೆ ಮೌನ. ಎತ್ತರದಲ್ಲಿ ನಿದ್ದೆಯ ಉಸಿರು ಹೀಗೆ ನಿಂತು ನಿಂತು ಬರುವುದು ಮಾಮೂಲಿ ಅಂತ ಓದಿ ಗೊತ್ತಿತ್ತು. ಆದರೂ ಬೆಳಗಿನವರೆಗೆ ಎಣಿಸುತ್ತಲೇ ಇದ್ದೆ. ಬೆಳಿಗ್ಗೆ ಅವಳು ಚೆನ್ನಾಗಿ ನಿದ್ದೆ ಮಾಡಿ ಎದ್ದಳು, ಕಣ್ಣು ಕೆಂಪಾಗಿದ್ದದ್ದು ನನ್ನದು.

ಖಾರ್ದುಂಗ್ ಲಾದ ಮೇಲೆ ಹದಿನೈದು ನಿಮಿಷ ಇದ್ದೆವು. ಪುಣೆಯಿಂದ ತಂದ ಚಿಪ್ಸ್ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿ ಕೂತಿತ್ತು. ಅದೇ ಕಟ್ಟೆ ಹುಡುಕಿ ಅಂಚಿನ ಗುಂಟ ಹಿಮ್ಮಡಿಗೆ ಬೆರಳು ತಾಗಿಸಿ ನಡೆದೆ. ಹತ್ತು ಹೆಜ್ಜೆ. ಗೆಳೆಯ ಫೋಟೋ ತೆಗೆಯುತ್ತಾ "ಇದೇನೋ ಸರ್ಕಸ್?" ಅಂದ. ಅವನನ್ನೂ ನಡೆಸಿದೆ.