ತಾರಸಿ ಮೇಲಿಂದಲೇ ಸೂರ್ಯನ ಫೋಟೊ

ನಿದ್ದೆ ಕೆಡಬೇಕಿಲ್ಲ, ಕತ್ತಲು ಹುಡುಕಿಕೊಂಡು ಊರಾಚೆ ಹೋಗಬೇಕಿಲ್ಲ. ಸೂರ್ಯನ ಫೋಟೊ ತೆಗೆಯಲು ಬೆಂಗಳೂರಿನ ತಾರಸಿಯೇ ಸಾಕು. 60ರಿಂದ 80 ಮಿ.ಮೀ. ಅಗಲದ ಮಸೂರವಿರುವ ಸಣ್ಣ ಟೆಲಿಸ್ಕೋಪ್ ಇದ್ದರೆ ಕೆಲಸ ನಡೆಯುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ಫಿಲ್ಟರಿಗೆ ಹಾಕಿ, ಕ್ಯಾಮೆರಾ ಆಮೇಲೆ.

ಫಿಲ್ಟರ್ ಕೂರಬೇಕಾದ್ದು ಟೆಲಿಸ್ಕೋಪಿನ ಮುಂದಿನ ಬಾಯಿಗೆ, ಅಂದರೆ ಬಿಸಿಲು ಒಳಬರುವ ಕಡೆ. ಕೆಲವು ಹಳೆಯ ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ, ಅಂದರೆ ಕಣ್ಣಿಡುವ ಕಡೆಯ ಮಸೂರಕ್ಕೆ, ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಬರುತ್ತಿತ್ತು. ಅದು ಕೈಗೆ ಸಿಕ್ಕರೆ ಕಸದ ಬುಟ್ಟಿಗೆ ಹಾಕಿ. ಮಸೂರ ಒಟ್ಟುಗೂಡಿಸಿದ ಬಿಸಿಲೆಲ್ಲ ಅದರ ಮೇಲೇ ಬೀಳುತ್ತದೆ. ಗಾಜು ಕಾದು ಒಡೆದರೆ ಕಣ್ಣು ಹೋದಂತೆಯೇ. ಎಕ್ಸ್‌ರೇ ಹಾಳೆ, ಗ್ರಹಣದ ಕನ್ನಡಕ ಇವು ಯಾವುವೂ ಟೆಲಿಸ್ಕೋಪಿಗೆ ಆಗುವುದಿಲ್ಲ.

ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಎಂಬ ಫಿಲ್ಟರ್ ಹಾಳೆಯನ್ನು ಹವ್ಯಾಸಿಗಳು ಜಾಸ್ತಿ ಬಳಸುತ್ತಾರೆ. ಅದರಲ್ಲಿ 5.0 ಎಂದಿರುವುದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. 3.8 ಎಂದಿರುವುದು ಫೋಟೊಗೆ ಮಾತ್ರ, ಅದರಲ್ಲಿ ಕಣ್ಣಿಟ್ಟು ನೋಡಬಾರದು. ದಪ್ಪ ರಟ್ಟಿನಲ್ಲಿ ಕೊಳವೆಗೆ ಬಿಗಿಯಾಗಿ ಕೂರುವ ಬಳೆ ಮಾಡಿ, ಎರಡು ಬದಿ ಅಂಟುವ ಟೇಪಿನಿಂದ ಹಾಳೆ ಅಂಟಿಸಿ. ಹಾಳೆಯನ್ನು ಎಳೆದು ಬಿಗಿಮಾಡಬೇಡಿ. ಸ್ವಲ್ಪ ಸುಕ್ಕಿದ್ದರೇ ಒಳ್ಳೆಯದು, ಎಳೆದರೆ ಚಿತ್ರ ಹಾಳಾಗುತ್ತದೆ. ಪ್ರತಿ ಸಲವೂ ಟಾರ್ಚ್ ಹಿಡಿದು ಸೂಜಿತೂತು ಬಿದ್ದಿದೆಯಾ ಅಂತ ನೋಡಿ. ಗಾಳಿಗೆ ಹಾರದಂತೆ ಬಳೆಗೂ ಕೊಳವೆಗೂ ಸೇರಿಸಿ ಟೇಪ್ ಸುತ್ತಿ. ಪಕ್ಕದ ಫೈಂಡರನ್ನು, ಅಂದರೆ ಗುರಿ ಹಿಡಿಯುವ ಪುಟ್ಟ ದುರ್ಬೀನನ್ನು, ಬಿಚ್ಚಿಡಿ. ಎಲ್ಲರೂ ಮರೆಯುವುದು ಇದನ್ನೇ.

ಫೈಂಡರ್ ಇಲ್ಲದೆ ಸೂರ್ಯನನ್ನು ಹುಡುಕುವುದು ಹೇಗೆ? ನೆಲದ ಮೇಲಿನ ನೆರಳು ನೋಡಿ. ಕೊಳವೆಯ ನೆರಳು ಕುಗ್ಗುತ್ತಾ ಬಂದು ಅತಿ ಚಿಕ್ಕದಾದಾಗ ಸೂರ್ಯ ನೇರಕ್ಕೆ ಸಿಕ್ಕ ಹಾಗೆ. ಈಕ್ವಟೋರಿಯಲ್ ಮೌಂಟ್ (ಧ್ರುವನಕ್ಷತ್ರಕ್ಕೆ ಗುರಿಯಿಟ್ಟರೆ ಆಕಾಶದ ಚಲನೆಯನ್ನು ಹಿಂಬಾಲಿಸುವ ಸ್ಟ್ಯಾಂಡ್) ಇದ್ದರೆ ಹಗಲಲ್ಲಿ ಧ್ರುವನಕ್ಷತ್ರ ಕಾಣದು ಅಲ್ವಾ? ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ, ಎತ್ತರದ ಕೋನವನ್ನು ನಿಮ್ಮೂರಿನ ಅಕ್ಷಾಂಶಕ್ಕೆ ಇಡಿ. ಬೆಂಗಳೂರಿಗೆ ಅದು 13 ಡಿಗ್ರಿ. ಅಷ್ಟಾದರೆ ಸಾಕು.

ಫೋಕಲ್ ಲೆಂತನ್ನು (ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 110ರಿಂದ ಭಾಗಿಸಿದರೆ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವ ಸೂರ್ಯನ ಗಾತ್ರ ಸಿಗುತ್ತದೆ. 700 ಮಿ.ಮೀ. ಫೋಕಲ್ ಲೆಂತಿನ ಟೆಲಿಸ್ಕೋಪಿನಲ್ಲಿ ಸುಮಾರು 6.4 ಮಿ.ಮೀ. ಡಿಎಸ್‌ಎಲ್‌ಆರ್‌ನಲ್ಲಿ ಇಡೀ ಬಿಂಬ ಆರಾಮಾಗಿ ಕೂರುತ್ತದೆ.

ಹೊತ್ತು ಮುಖ್ಯ. ಮಧ್ಯಾಹ್ನ ಸಿಮೆಂಟ್ ಕಾದು, ಮೇಲೇಳುವ ಬಿಸಿಗಾಳಿಗೆ ಬಿಂಬದ ಅಂಚು ಕುದಿಯುವ ನೀರಿನಂತೆ ನಡುಗುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಕೆಲಸ ಮುಗಿಸಿ. ಹುಲ್ಲಿರುವ ಅಂಗಳ ಸಿಕ್ಕರೆ ತಾರಸಿಗಿಂತ ವಾಸಿ.

ಫೋಕಸನ್ನು ಮೊದಲು ಬಿಂಬದ ಅಂಚಿಗೆ ಹೊಂದಿಸಿ, ಆಮೇಲೆ ಸೂರ್ಯನ ಮೇಲಿನ ಕಲೆಯ ಕಪ್ಪು ನಡುಭಾಗ ಸುತ್ತಲಿನ ಬೂದು ಪಟ್ಟಿಗೆ ಸೇರುವ ಗೆರೆಗೆ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳಿ. ಒಂದೊಂದೇ ಫೋಟೊ ತೆಗೆಯುವ ಬದಲು ಅರ್ಧ ನಿಮಿಷದ ವಿಡಿಯೊ ತೆಗೆಯಿರಿ. ಆಟೋಸ್ಟಾಕರ್ಟ್ ಎಂಬ ಉಚಿತ ತಂತ್ರಾಂಶ ವಿಡಿಯೊದಿಂದ ಒಳ್ಳೆಯ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಸೇರಿಸುತ್ತದೆ. ಶಾರ್ಪ್ ಮಾಡುವಾಗ ಮಾತ್ರ ಕೈ ಹಿಡಿತದಲ್ಲಿರಲಿ. ಅಂಚಿಗೆ ಬಿಳಿ ಉಂಗುರ ಬಂತೆಂದರೆ ಜಾಸ್ತಿ ಆಯಿತು ಅಂತಲೇ ಅರ್ಥ.

ನಾಲ್ಕಾರು ದಿನ ಒಂದೇ ಹೊತ್ತಿಗೆ ತೆಗೆದರೆ ಕಲೆಗಳು ಸರಿಯುವುದು ಗೊತ್ತಾಗುತ್ತದೆ. ನಮಗೆ ಕಾಣುವಂತೆ ಸೂರ್ಯ ಒಂದು ಸುತ್ತು ಹಾಕಲು ಸುಮಾರು 27 ದಿನ. ಕೊಡೈಕೆನಾಲ್ ವೀಕ್ಷಣಾಲಯ ಇಂಥ ಚಿತ್ರಗಳನ್ನು 1904ರಿಂದಲೇ ತೆಗೆಯುತ್ತಾ ಬಂದಿದೆ.

ಮುಗಿದ ಮೇಲೆ ಮೊದಲು ಕೊಳವೆಯನ್ನು ಸೂರ್ಯನಿಂದ ದೂರಕ್ಕೆ ತಿರುಗಿಸಿ, ಆಮೇಲೆ ಫಿಲ್ಟರ್ ಬಿಚ್ಚಿ. ಮಕ್ಕಳಿದ್ದರೆ ಅಲ್ಲಿಯವರೆಗೆ ಟೆಲಿಸ್ಕೋಪ್ ಬಿಟ್ಟು ಅಲ್ಲಾಡಬೇಡಿ.